ದವಾಖಾನಿ ನೀರಿನ ಚಾಚಾ

ಬ್ಯಾಡಗಿಯಲ್ಲಿ ಒಂದು ಅನುಕೂಲವಿದೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ನಿಮ್ಮ ಕಣ್ಣಲ್ಲಿ ನೀರು ಬಂದರೆ ಯಾಕೆಂದು ಯಾರೂ ಕೇಳುವುದಿಲ್ಲ. ಮೆಣಸಿನಕಾಯಿಯ ಘಾಟು ಅಂದುಕೊಂಡು ಸುಮ್ಮನಾಗುತ್ತಾರೆ. ಹೋದ ತಿಂಗಳು ಅಲ್ಲಿಯ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಈಗ ಅಗಡಿಯಲ್ಲಿ ಹೊಲಮನೆ ನೋಡಿಕೊಂಡಿದ್ದಾನಂತೆ. ಅದೂ ಇದೂ ಮಾತಾಡಿ, ಕಡೆಗೆ, "ಸರ್, ನಿಮಗ ಗೊತ್ತಾತಿಲ್ಲೋ, ನಮ್ಮ ಚಾಚಾ ಹೋದ್ರಲ್ರಿ" ಎಂದ. ನಾನು ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ. "ಇವತ್ತ ಘಾಟು ಭಾಳ ಐತ್ರಿ" ಎಂದು ಅವನೇ ಮಾತು ತೇಲಿಸಿದ. ಒಳ್ಳೆಯ ಹುಡುಗ. ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದ.

ಚಾಚಾ ಎಂದರೆ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರು. ಅವರ ಹೆಸರು ಹೇಳುವುದಿಲ್ಲ, ಕಾಲೇಜಿನ ಹೆಸರೂ ಬೇಡ. ಹೇಳಿದರೆ ಈ ಕತೆಯಲ್ಲಿ ಬರುವ ಉಳಿದವರು, ಮುಖ್ಯವಾಗಿ ನಾನು, ಮುಜುಗರಪಡಬೇಕಾಗುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆಯಿಂದ ಹುಡುಗರು ಬಸ್ಸು ರೈಲು ಹಿಡಿದು ಬರುತ್ತಿದ್ದ ಕಾಲೇಜು ಎಂದರೆ ಸಾಕು. ಎಂಬತ್ತರ ದಶಕದ ನಡು. ನಮ್ಮದು ಆಗಿನ್ನೂ ಧಾರವಾಡ ಜಿಲ್ಲೆ.

ಅವರಿಗೆ ಸರಕಾರ ಸಂಬಳ ಕೊಡುತ್ತಿದ್ದುದು ಗಾಜಿನ ಸಾಮಾನು ತೊಳೆಯುವುದಕ್ಕೆ. ಆದರೆ ಅವರು ತಮ್ಮ ಕೆಲಸ ಎಂದು ತಿಳಿದದ್ದು ಕಾಲೇಜಿನ ಕುಡಿಯುವ ನೀರು. ಅದನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಮೊದಲಿದ್ದ ನೀರಿನವನು ಬಿಟ್ಟುಹೋದಾಗ ಇವರು ನಡುವೆ ಬಂದು ನಿಂತರು, ಆಮೇಲೆ ಯಾರೂ ಅವರನ್ನು ಅಲ್ಲಿಂದ ಕದಲಿಸಲಿಲ್ಲ. ಪಡಸಾಲೆಯಲ್ಲಿ ಮೂರು ಹರವಿಗಳಿದ್ದವು. ಹರವಿ ಎಂದರೆ ಸೊಂಟದೆತ್ತರದ ಮಣ್ಣಿನ ಗಡಿಗೆ. ಬೆಳಗ್ಗೆ ಕಾಲೇಜು ತೆರೆಯುವ ಒಂದು ತಾಸು ಮೊದಲೇ ಬಂದು, ನಿನ್ನೆಯ ನೀರು ಚೆಲ್ಲಿ, ತೆಂಗಿನ ನಾರಿನ ಜುಂಗಿನಿಂದ ಒಳಗೆಲ್ಲ ತಿಕ್ಕಿ, ಬೋರಿನ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದರು. ಆಮೇಲೆ ಬ್ಲೀಚಿಂಗ್ ಪೌಡರಿನ ತಿಳಿಯನ್ನು ನಮ್ಮ ಲ್ಯಾಬಿನ ಅಳತೆಯ ಜಾಡಿಯಲ್ಲಿ ಹನಿ ತಪ್ಪದಂತೆ ಅಳೆದು ಹಾಕಿ, ಮುಚ್ಚಳದ ಮೇಲೆ ಒಂದು ಬೆತ್ತ ಅಡ್ಡ ಇಡುತ್ತಿದ್ದರು. ಅರ್ಧ ತಾಸು ಯಾರೂ ಮುಟ್ಟಕೂಡದು. ಗಡಿಯಾರ ನೋಡಿ, ಮೊದಲ ಲೋಟ ತಾವು ಕುಡಿದು, ಬೆತ್ತ ತೆಗೆಯುತ್ತಿದ್ದರು.

ಆ ನೀರು ಸವಳು, ಉಪ್ಪುಪ್ಪು. ಮೇಲೆ ಪೌಡರಿನ ವಾಸನೆ ಬೇರೆ. ಹುಡುಗರು ಅದಕ್ಕೆ 'ದವಾಖಾನಿ ನೀರು' ಎಂದು ಹೆಸರಿಟ್ಟಿದ್ದರು. "ಚಾಚಾ, ನೀರಿಗೆ ಬಂದೇವೋ ಸೂಜಿ ಮಾಡಿಸ್ಕೊಳ್ಳಾಕ ಬಂದೇವೋ?" ಎಂದು ಕಾಡುತ್ತಿದ್ದರು. "ಇವತ್ತ ಈ ನೀರ ಕುಡೀರಿ ಬೇಟಾ, ನಾಳೆ ಸೂಜಿ ತಪ್ಪತೈತಿ" ಎನ್ನುತ್ತಿದ್ದರು ಅವರು. ಹರವಿಗಳ ಪಕ್ಕ ಒಂದು ಗಿಡ್ಡ ಬೆಂಚು ಇತ್ತು. ನಿಂತು ನೀರು ಕುಡಿಯುವುದು ಅವರಿಗೆ ಸೇರುತ್ತಿರಲಿಲ್ಲ. ಕುಳಿತು ಮೂರು ಗುಟುಕಿನಲ್ಲಿ ಕುಡಿಯಬೇಕು. ಅವರ ಮನೆಯ ಪದ್ಧತಿ ಅದು. ಗಂಟೆ ಬಾರಿಸಿತೆಂದು ಓಡುತ್ತ ಬಂದ ಹುಡುಗನನ್ನೂ ಹೆಗಲು ಒತ್ತಿ ಕೂಡಿಸುತ್ತಿದ್ದರು. ನನ್ನ ಕ್ಲಾಸಿಗೆ ತಡವಾಗಿ ಬಂದವರೆಲ್ಲರ ನೆಪವೂ ಒಂದೇ: ಚಾಚಾ ಕೂಡಿಸಿದ್ರು.

ನೀರು ತೆಗೆಯಲು ಉದ್ದ ಹಿಡಿಕೆಯ ಹಿತ್ತಾಳೆಯ ಸೌಟು ಇತ್ತು. ಹರವಿಯೊಳಗೆ ಕೈ ಇಳಿಯುವಂತಿರಲಿಲ್ಲ. ಒಂದು ದಿನ ಪ್ರಿನ್ಸಿಪಾಲರು ಯಾವುದೋ ಸಿಟ್ಟಿನಲ್ಲಿ ಬಂದವರು, ಸೌಟು ಬಿಟ್ಟು, ತಮ್ಮ ಲೋಟವನ್ನೇ ಮಣಿಕಟ್ಟಿನವರೆಗೆ ಅದ್ದಿ ನೀರು ತುಂಬಿಕೊಂಡರು. ಚಾಚಾ ಅವರೆದುರಿಗೇ ಹರವಿಯನ್ನು ಬಾಗಿಸಿ, ಪೂರ್ತಿ ನೀರನ್ನು ದಾಸವಾಳದ ಗಿಡಕ್ಕೆ ಬಿಟ್ಟು, ಜುಂಗು ತಂದು ತಿಕ್ಕಲು ಕುಳಿತರು. ಪ್ರಿನ್ಸಿಪಾಲರು ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಮರುದಿನದಿಂದ ಅವರೂ ಸೌಟು ಹಿಡಿದರು.

ಇನ್ನೊಬ್ಬ ಹಿರಿಯ ಪ್ರಾಧ್ಯಾಪಕರಿದ್ದರು. ಅವರು ಮನೆಯಿಂದ ತಾಮ್ರದ ತಂಬಿಗೆಯಲ್ಲಿ ನೀರು ತರುತ್ತಿದ್ದರು. ಕಾರಣ ಎಲ್ಲರಿಗೂ ಗೊತ್ತು, ಚಾಚಾನಿಗೂ ಗೊತ್ತು. ಸಾಬರು ತುಂಬಿದ ನೀರು ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಸದಾಗಿ ಬಂದ ನನಗೆ ಅದನ್ನು ನೋಡಿ ಮೈ ಉರಿಯುತ್ತಿತ್ತು. ಆದರೆ ಚಾಚಾ ಅವರನ್ನು ಕೇಳುತ್ತಿದ್ದುದು ಒಂದೇ ಮಾತು: "ಮನೀ ನೀರು ಕಾಸಿದ್ದೇನ್ರಿ ಸರ್ರ?" ಹೌದೆಂದರೆ, "ಹಂಗಾರ ಛಲೋ ಆತು ಬಿಡ್ರಿ" ಎಂದು ಮನಸ್ಸಿನಿಂದಲೇ ಹೇಳುತ್ತಿದ್ದರು. ನನಗೆ ಇದು ಅರಗಿಸಿಕೊಳ್ಳಲಾಗದೆ ಒಮ್ಮೆ ಕೆಣಕಿದೆ. "ಅವರು ಕುಡಿಯೂದು ಸ್ವಚ್ಛ ನೀರು ಇದ್ರ ಮುಗೀತಲ್ರಿ, ಯಾರ ಕೈಯಿಂದು ಅಂತ ನನಗ್ಯಾಕ ಬೇಕು" ಎಂದರು.

ಇನ್ನು ನನ್ನ ವಿಷಯ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಆದರೆ ಜಂಬ ಕಾಯಂ ಆಗಿತ್ತು. ಚಾಚಾ ಏಳನೆಯ ಇಯತ್ತೆಯವರೆಗೆ ಓದಿದವರು. ಅವರು ಪೌಡರು ಅಳೆಯುವುದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ಹಾಸ್ಟೆಲಿನ ಹಿಂದೆ ಒಂದು ಹಳೆಯ ಬಾವಿ ಹೂಳು ತುಂಬಿ ಬಿದ್ದಿತ್ತು. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ಎಲ್ಲರೂ ಸಾವ್ಕಾರ್ರು ಎಂದು ಕರೆಯುತ್ತಿದ್ದ ಹಿರಿಯರು, ತೀರಿಹೋದ ತಾಯಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಆ ಬಾವಿಯ ಹೂಳು ತೆಗೆಸಿದರು. ಪಂಪು ಕೂಡಿಸಿ, ನಾಲ್ಕು ನಳಗಳ ಟಾಕಿ ಕಟ್ಟಿಸಿದರು. ನೀರು ಬಂದದ್ದೇ ಬಂದದ್ದು, ಕಾಲೇಜಿಗೆ ಕಾಲೇಜೇ ಹಿಗ್ಗಿತು. ಯಾಕೆಂದರೆ ಅದು ಸಿಹಿನೀರು. ನಮ್ಮ ಕಡೆ ನೀರನ್ನು ಅಳೆಯುವುದು ಬೇಳೆಯಿಂದ. ಸವಳು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ. ಗಂಗಾಪೂಜೆಯಾಗಿತ್ತು, ಆದರೆ ಉದ್ಘಾಟನೆಗೆ ಮೊದಲು ಯಾರೂ ಕುಡಿಯುವಂತಿರಲಿಲ್ಲ. ಹಾಸ್ಟೆಲಿನ ಅಡಿಗೆಯ ಅವ್ವ ಒಂದು ಕೊಡ ಬಾವಿಯ ನೀರು ಒಯ್ದು ಬೇಳೆ ಇಟ್ಟಳು. ಅರ್ಧ ತಾಸಿನಲ್ಲಿ ಬೆಣ್ಣೆಯಂತೆ ಕರಗಿತು. "ಬ್ಯಾಳಿ ಕರಗ್ತಂದ್ರ ಆ ನೀರಿಗೆ ಮ್ಯಾಲಿನ ಮಾತಿಲ್ರಿ" ಎಂದು ಅವಳು ತೀರ್ಪು ಕೊಟ್ಟಳು.

ಪ್ರಿನ್ಸಿಪಾಲರು ನನ್ನನ್ನೂ ಪರೀಕ್ಷೆ ಮಾಡಲು ಹೇಳಿದರು. ನಾನು ಬುರೆಟ್ಟು ಹಿಡಿದು ನೀರಿನ ಗಡಸುತನ ಅಳೆದೆ. ಬಹಳ ಕಡಿಮೆ. ಬಣ್ಣವಿಲ್ಲ, ವಾಸನೆಯಿಲ್ಲ. 'ಕುಡಿಯಲು ಯೋಗ್ಯ' ಎಂದು ಇಂಗ್ಲಿಷಿನಲ್ಲಿ ಬರೆದು ಠೀವಿಯಿಂದ ಸಹಿ ಹಾಕಿದೆ. ನಾನು ಮಾಡಿದ್ದು ಅಡಿಗೆಯ ಅವ್ವನ ಬೇಳೆಯ ಪರೀಕ್ಷೆಯನ್ನೇ. ಅವಳಿಗೆ ಒಲೆ, ನನಗೆ ಬುರೆಟ್ಟು, ವ್ಯತ್ಯಾಸ ಅಷ್ಟೇ. ಅದು ನನಗೆ ಹೊಳೆದದ್ದು ಆಮೇಲೆ.

ಚಾಚಾ ಸಂಜೆ ಲ್ಯಾಬಿಗೆ ಬಂದರು. "ಸರ್ರ, ಹಾಸ್ಟೆಲಿನ ಪಾಯಖಾನಿ ಗುಂಡಿ ಏರಿನ್ಯಾಗ ಐತ್ರಿ, ಬಾವಿ ಇಳಿಜಾರಿನ್ಯಾಗ ಐತಿ. ನಾ ಹೆಜ್ಜಿ ಹಾಕಿ ನೋಡೇನಿ. ನಡಬರಕ ಮೂವತ್ತ ಹೆಜ್ಜಿ ಸೈತ ಇಲ್ಲ."

"ಚಾಚಾ, ನಾ ಪರೀಕ್ಷಾ ಮಾಡೇನಿ. ಬಣ್ಣ ಇಲ್ಲ, ವಾಸನಿ ಇಲ್ಲ, ಗಡಸುತನ ಇಲ್ಲ. ಇನ್ನೇನ ಬೇಕ್ರಿ ನಿಮಗ?"

"ನೀವು ನೀರಾಗ ಏನೈತಿ ಅಂತ ನೋಡೀರಿ ಸರ್ರ. ಯಾರ ಅದಾರ ಅಂತ ನೋಡಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಏರಿದ್ದಕ್ಕೆ ಕಾರಣ ಅವರ ಮಾತು ಖರೇ ಇದ್ದುದು. ನೀರಿನಲ್ಲಿ ರೋಗಾಣುಗಳಿವೆಯೇ ಎಂದು ನೋಡುವ ಸೌಕರ್ಯ ನಮ್ಮಲ್ಲಿರಲಿಲ್ಲ, ಅದಕ್ಕೆ ಧಾರವಾಡದ ಪ್ರಯೋಗಾಲಯಕ್ಕೇ ಕಳಿಸಬೇಕು. ಆದರೆ ಸಹಿ ಹಾಕಿ ಆಗಿತ್ತು, ಉದ್ಘಾಟನೆಯ ಕಾಗದ ಹಂಚಿ ಆಗಿತ್ತು. ಹಾಗಾದರೆ ಟಾಕಿಗೆ ಪೌಡರನ್ನಾದರೂ ಹಾಕೋಣ ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿದರು. "ಗಂಗಾಪೂಜಿ ಮಾಡಿದ ನೀರಿಗೆ ದವಾಖಾನಿ ವಾಸನಿ ಹಚ್ಚತೀಯೇನು?" ಎಂದು ಬೈಸಿಕೊಂಡು ಬಂದರು. ತಿರುಗಿ ನನ್ನ ಹತ್ತಿರ ಬಂದು, "ಒಂದ ಖಾಲಿ ಬಾಟ್ಲಿ ಬಿಸಿ ಮಾಡಿ ಸ್ವಚ್ಛ ಮಾಡಿ ಕೊಡ್ರಿ, ಒಂದ ಕಾಗದ ಬರದ ಕೊಡ್ರಿ. ನಾ ಧಾರವಾಡಕ್ಕ ಒಯ್ತೇನಿ" ಎಂದರು. ಪೀಡೆ ತೊಲಗಲಿ ಎಂದು ಎರಡನ್ನೂ ಕೊಟ್ಟೆ.

ಸೋಮವಾರ ರಜೆ ಹಾಕಿದರು. ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಬರ್ಫ ತಂದು, ಡಬ್ಬಿಯಲ್ಲಿ ಕಟ್ಟಿಗೆಯ ಹೊಟ್ಟಿನ ನಡುವೆ ಅದನ್ನೂ ಬಾಟ್ಲಿಯನ್ನೂ ಹುಗಿದು, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋದರು. ಹಾದಿಯುದ್ದಕ್ಕೂ ಜನ ಕುಲ್ಫಿ ಹೇಗೆಂದು ಕೇಳಿದರಂತೆ. ಉತ್ತರ ಬರಲು ನಾಲ್ಕು ದಿನ ಬೇಕು. ಉದ್ಘಾಟನೆ ಬುಧವಾರ.

ಬುಧವಾರ ಬೆಳಗ್ಗೆ ಚಾಚಾ ಪ್ರಿನ್ಸಿಪಾಲರ ಮುಂದೆ ಒಂದು ವಿಚಾರ ಇಟ್ಟರು. "ಬಂದ ಮಂದಿಗೆ ಬರೇ ನೀರ ಕೊಟ್ರ ಚಂದ ಕಾಣೂದಿಲ್ರಿ. ನಮ್ಮ ಪದ್ಧತಿ ಪ್ರಕಾರ ಬೆಲ್ಲಾ ಕೊಟ್ಟು ನೀರ ಕೊಡೂಣು." ಪ್ರಿನ್ಸಿಪಾಲರಿಗೆ ಬಹಳ ಹಿಡಿಸಿತು. ಸಾವ್ಕಾರ್ರು ರಿಬ್ಬನ್ನು ಕತ್ತರಿಸಿ ನಳ ತಿರುಗಿಸಿದರು, ನೀರು ಹೂವಿನ ಮೇಲೆ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಚಾಚಾ ಮೊದಲೇ ತುಂಬಿಟ್ಟಿದ್ದ ಲೋಟಗಳ ತಟ್ಟೆ ಹಿಡಿದು ಬಂದರು. ಸಾವ್ಕಾರ್ರು ಬೆಲ್ಲ ಬಾಯಿಗೆ ಹಾಕಿಕೊಂಡು ಮೂರು ಲೋಟ ಕುಡಿದರು. "ಎಂಥಾ ಸೀನೀರ ಅಂತೀರಿ! ನಮ್ಮವ್ವನ ಕೈಯಾಗ ಕುಡದಂಗಾತು" ಎಂದು ಭಾಷಣದಲ್ಲಿ ಗದ್ಗದರಾದರು. ನನ್ನನ್ನೂ ನಾಲ್ಕು ಮಾತಾಡಲು ಕರೆದರು. ನಾನೂ ಬೆಲ್ಲ ತಿಂದು, ನೀರು ಕುಡಿದು, ನಾಲಿಗೆಗೇ ತಿಳಿಯುವಷ್ಟು ಮೃದು ನೀರು ಇದು ಎಂದು ವೈಜ್ಞಾನಿಕವಾಗಿ ವಿವರಿಸಿದೆ.

ಕಾರ್ಯಕ್ರಮ ಮುಗಿದ ಮೇಲೆ ಚಾಚಾ ಟಾಕಿಯ ದೊಡ್ಡ ನಳ ಬಂದ್ ಮಾಡಿ, ತಂತಿ ಸುತ್ತಿ, ಕೀಲಿ ಹಾಕಿದರು. ಕೇಳಿದವರಿಗೆಲ್ಲ, "ನಳದ ವಾಸರ್ ಸೋರತೈತ್ರಿ" ಎಂದರು.

ಶುಕ್ರವಾರ ನಮಾಜನ್ನೂ ಬಿಟ್ಟು ಮತ್ತೆ ಧಾರವಾಡಕ್ಕೆ ಹೋಗಿ ಬಂದರು. ಲಕೋಟೆ ನನ್ನ ಹೆಸರಿಗಿತ್ತು. ಒಡೆಯದೆ ತಂದು ನನ್ನ ಮೇಜಿನ ಮೇಲಿಟ್ಟು ನಿಂತರು. ಓದಿದೆ. ನೀರಿನಲ್ಲಿ ಮಲದ ಸೋಂಕು ಇದೆ, ಕುಡಿಯಲು ಯೋಗ್ಯವಲ್ಲ ಎಂದಿತ್ತು. ಹಾಸ್ಟೆಲಿನಲ್ಲಿ ನೂರಕ್ಕೂ ಹೆಚ್ಚು ಹುಡುಗರು. ಮಳೆಗಾಲ ಬಾಗಿಲಿಗೆ ಬಂದಿತ್ತು. ಕಾಮಾಲೆ, ವಿಷಮಶೀತಜ್ವರ, ಏನು ಬೇಕಾದರೂ ಆಗಬಹುದಿತ್ತು. ಅದು ಒಂದು ಕಡೆ. ಇನ್ನೊಂದು ಕಡೆ ನನ್ನ ಸಹಿ, ಕಾಯಂ ಆಗದ ನೌಕರಿ, ಊರ ಮುಂದೆ ಮಾಡಿದ ಭಾಷಣ.

"ನೀವ ಹೇಳ್ರಿ ಸರ್ರ," ಎಂದರು ಚಾಚಾ. "ನಾ ಹೇಳಿದ್ರ ಸಾಬ ಏನೋ ಅಂದ ಅಂತಾರ. ನೀವು ಹೇಳಿದ್ರ ಬಾವಿ ಬಂದ್ ಆಗತೈತಿ."

ನಾನು ಹೇಳಲಿಲ್ಲ. ಶನಿವಾರ ಹೇಳಲಿಲ್ಲ, ಭಾನುವಾರ ಹೇಳಲಿಲ್ಲ. ಪ್ರಿನ್ಸಿಪಾಲರ ಮನೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ಅತ್ತ ಚಾಚಾ ಎರಡೂ ದಿನ ಬೆಳಗಿನಿಂದ ಟಾಕಿಯ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕುಳಿತರು. ಸವಳು ನೀರು ಕುಡಿದು ಬೇಸತ್ತ ಹಾಸ್ಟೆಲಿನ ಹುಡುಗರು ಮೊದಲು ಕೇಳಿದರು, ಆಮೇಲೆ ಗೋಗರೆದರು, ಆಮೇಲೆ ಬೈದರು. "ಪೂಜಿ ಮಾಡಿದ ನೀರು, ಈ ಸಾಬಗೇನ್ ತ್ರಾಸು?" ಎಂದು ಒಬ್ಬ ನನ್ನ ಕಿವಿಗೆ ಬೀಳುವಂತೆಯೇ ಅಂದ. ನಾನು ಕೇಳದವನಂತೆ ನಡೆದುಹೋದೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸುದ್ದಿ ಬ್ಯಾಡಗಿಗೆ ಮುಟ್ಟಿತು. ಸೋಮವಾರ ಸಾವ್ಕಾರ್ರು ಇಬ್ಬರನ್ನು ಕರೆದುಕೊಂಡು ನೇರ ಟಾಕಿಯ ಹತ್ತಿರವೇ ಬಂದರು. ಪ್ರಿನ್ಸಿಪಾಲರು ಓಡಿ ಬಂದರು, ಹುಡುಗರು ಗುಂಪುಗೂಡಿದರು, ನಾನೂ ಹೋಗಿ ಹಿಂದೆ ನಿಂತೆ.

"ಏನೋ ಸಾಬಾ, ನಮ್ಮವ್ವನ ನೀರ ಯಾಕ ಕಟ್ಟಿ ಹಾಕೀದಿ?"

"ವಾಸರ್ ಸೋರತೈತ್ರಿ ಸಾವ್ಕಾರ್ರ."

"ಒಂದ ವಾಸರಕ್ಕ ಐದ ದಿನಾ? ನಾ ತರಸ್ತೇನಿ. ಈಗ ನೀರ ಬಿಡು."

"ಬಿಡೂದಿಲ್ರಿ."

ಗುಂಪು ಗುಜುಗುಜು ಅಂದಿತು. ಪ್ರಿನ್ಸಿಪಾಲರು ಕೆಂಪಾಗಿ, "ಕೀಲಿ ಕೊಡು. ಇಲ್ಲಂದ್ರ ಇವತ್ತಿಂದ ಮನೀಗೆ ನಡಿ" ಎಂದರು. ಚಾಚಾ ಸ್ಟೂಲಿನಿಂದ ಎದ್ದು ನಿಂತರು. ಕೀಲಿ ಅವರ ಮುಷ್ಟಿಯಲ್ಲೇ ಇತ್ತು. ನನ್ನ ಹೆಸರು ಹೇಳಿದ್ದರೆ ಒಂದು ಕ್ಷಣದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಹೇಳಲಿಲ್ಲ. ಹೇಳುವುದಿರಲಿ, ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಅದನ್ನೇ ನೆಪ ಮಾಡಿಕೊಂಡು ಸಿಟ್ಟಾಗಿ ಇನ್ನೊಂದು ದಿನ ತಳ್ಳುತ್ತಿದ್ದೆನೋ ಏನೋ. ಆ ಮುದುಕ ನೆಲ ನೋಡುತ್ತ ನಿಂತಿದ್ದನ್ನು ಕಂಡು ನನ್ನ ಕಾಲುಗಳು ತಾವಾಗಿಯೇ ಮುಂದೆ ಹೋದವು.

"ಸರ್, ತಪ್ಪು ನಂದು" ಎಂದೆ. ಕಿಸೆಯಿಂದ ಲಕೋಟೆ ತೆಗೆದು ಎಲ್ಲರೆದುರಿಗೇ ಕನ್ನಡದಲ್ಲಿ ಓದಿದೆ. ಪಾಯಖಾನೆಯ ಗುಂಡಿ ತೋರಿಸಿದೆ. ನಾನು ಅಳೆದದ್ದೇನು, ಅಳೆಯದೆ ಬಿಟ್ಟದ್ದೇನು ಹೇಳಿದೆ. ಮೂರು ದಿನದಿಂದ ಈ ಕಾಗದ ನನ್ನ ಹತ್ತಿರವೇ ಇದೆ ಎಂಬುದನ್ನೂ ಹೇಳಿದೆ.

ಸಾವ್ಕಾರ್ರು ಬಹಳ ಹೊತ್ತು ಟಾಕಿಯ ಮೇಲಿನ ತಾಯಿಯ ಹೆಸರನ್ನೇ ನೋಡಿದರು. ಆಮೇಲೆ ಚಾಚಾನ ಕಡೆ ತಿರುಗಿ, "ಯಾರರ ಕುಡದಾರೇನು?" ಎಂದರು. ದನಿ ಇಳಿದಿತ್ತು.

"ಇಲ್ರಿ. ಒಬ್ಬರೂ ಕುಡದಿಲ್ರಿ. ಅಡಗೀಯವ್ವ ಒಂದ ಕೊಡಾ ಬ್ಯಾಳಿ ಕುದಿಸ್ಯಾಳ, ಅಷ್ಟ."

"ಅವತ್ತ ನಾ ಕುಡದೆನಲ್ಲ, ಮೂರ ಲೋಟ?"

ಚಾಚಾ ತಲೆ ಕೆರೆದುಕೊಂಡರು. "ಅದು ಹರವ್ಯಾಗಿನದ್ರಿ. ದವಾಖಾನಿ ನೀರು."

ಸಾವ್ಕಾರ್ರು ಹೊಟ್ಟೆ ಕುಲುಕಿಸಿ ನಗತೊಡಗಿದರು. "ಸೀನೀರು ಸೀನೀರು ಅಂತ ಕಣ್ಣೀರ ಹಾಕಿದೆನಲ್ಲೋ! ಮಾಸ್ತರ, ನೀವು ಸೈತ ಮೃದು ನೀರು ಅಂದ್ರಲ್ರಿ!" ಎಂದು ನನ್ನ ಬೆನ್ನಿಗೆ ಗುದ್ದಿದರು. ನಗುನಗುತ್ತಲೇ ಅವರ ಕಣ್ಣು ತುಂಬಿದವು. "ನಮ್ಮವ್ವನ ಹೆಸರಲೆ ಒಂದ ಹುಡಗಗೂ ಬ್ಯಾನಿ ಬರಲಿಲ್ಲಲ್ಲ, ಅಷ್ಟ ಸಾಕು. ಟಾಕಿಗೆ ಬೋರಿನ ನೀರ ಬಿಡ್ರಿ, ಪೌಡರ್ ಹಾಕ್ರಿ. ಆಕಿ ಜನ್ಮಪೂರ್ತಿ ಸವಳ ನೀರ ಕುಡದಾಕಿ, ಏನೂ ಅನ್ನೂದಿಲ್ಲ" ಎಂದರು. ಹಾಗೆಯೇ ಆಯಿತು. ಬಾವಿ ಗಿಡಗಳಿಗೆ ಮೀಸಲಾಯಿತು. ನನ್ನ ನೌಕರಿ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು, ಹೋಗಬೇಕಾದದ್ದೇ.

ಅಂದು ಸಂಜೆ ಲ್ಯಾಬಿನಲ್ಲಿ ಇಬ್ಬರೇ ಇದ್ದೆವು. ಅವರು ಶೀಷೆಗಳನ್ನು ತೊಳೆಯುತ್ತಿದ್ದರು. "ಮೂರು ದಿನ ಬೈಸಿಕೊಂಡಿರಿ. ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಅದೊಂದೇ ಸಲ.

ಅವರ ಅಪ್ಪ ಐರಣಿ ಎಂಬ ಊರಿನಲ್ಲಿ ಹೊಳೆಯಿಂದ ತಮ್ಮ ಓಣಿಯ ಮನೆಗಳಿಗೆ ಚರ್ಮದ ಚೀಲದಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಒಂದು ಮಳೆಗಾಲ ಮೇಲಿನ ಊರಲ್ಲಿ ಕಾಲರಾ ಬಿತ್ತು. ಅಲ್ಲಿಯವರು ರೋಗಿಗಳ ಬಟ್ಟೆಯನ್ನು ಅದೇ ಹೊಳೆಯಲ್ಲಿ ಒಗೆದರು. ಇವರಿಗೆ ಗೊತ್ತಿರಲಿಲ್ಲ. ದಿನದಂತೆ ನೀರು ತುಂಬಿದರು. ಅವರು ನೀರು ಹಾಕಿದ ಮನೆಗಳಲ್ಲೇ ಜನ ಸತ್ತರು.

"ಯಾರೂ ಬೈಲಿಲ್ರಿ ನಮ್ಮಪ್ಪಗ," ಎಂದರು ಚಾಚಾ, ಶೀಷೆಯಿಂದ ಕಣ್ಣು ತೆಗೆಯದೆ. "ಆದ್ರ ಅವತ್ತಿಂದ ಅಂವಾ ಸಾಯೂತನಕ ಯಾರ ಮನೀ ಬಾಗಲದಾಗೂ ನಿಲ್ಲಲಿಲ್ಲ. ಅವಗ ಮೊದಲ ಹೇಳಾಕ ಯಾರೂ ಇರಲಿಲ್ರಿ. ನಿಮಗ ಹೇಳಾಕ ನಾ ಇದ್ದೆ. ಆದ್ರ ನಿಮ್ಮ ಹೆಸರ ನಾ ಹೇಳಿದ್ರ ನೀವೂ ಅವನಂಗ ಯಾರ ಮುಂದೂ ನಿಲ್ಲತಿರಲಿಲ್ರಿ."

ನಾನೂ ಒಂದು ಶೀಷೆ ತೆಗೆದುಕೊಂಡು ತೊಳೆಯತೊಡಗಿದೆ.

ಮುಂದೆ ಸುತ್ತಲಿನ ಊರುಗಳಿಂದ ನಮ್ಮ ಲ್ಯಾಬಿಗೆ ನೀರು ಪರೀಕ್ಷೆಗೆ ಬರಲು ಶುರುವಾಯಿತು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿ. ಚಾಚಾನಿಗೆ ಇಂಗ್ಲಿಷು ಬಾರದು. ಆದರೂ ನಾನು ಸಹಿ ಮಾಡುವಾಗ ಬಂದು ಮೇಜಿನ ಪಕ್ಕ ನಿಲ್ಲುತ್ತಿದ್ದರು. ಒಂದೊಂದು ಸಾಲೂ ಕನ್ನಡದಲ್ಲಿ ಓದಿ ಹೇಳಬೇಕು. ಆಗ ನನಗೊಬ್ಬಳು ಸಣ್ಣ ಮಗಳಿದ್ದಳು. ಎಲ್ಲ ಕೇಳಿ, "ಈ ನೀರ ನಿಮ್ಮ ಮಗಳಿಗೆ ಕುಡಸ್ತೀರೇನ್ರಿ?" ಎನ್ನುತ್ತಿದ್ದರು. ನಾನು ಹೂಂ ಅಂದರೆ ಒತ್ತಲು ಶಿಕ್ಕಾ ಮುಂದಿಡುತ್ತಿದ್ದರು.

ಅವರು ನಿವೃತ್ತರಾಗುವ ವರ್ಷ ಒಂದು ಹಳ್ಳಿಯ ಶಾಲೆಯಿಂದ ನೀರು ಬಂದಿತ್ತು. ನಾನು ಅಳೆದ ಅಂಕಿಗಳೆಲ್ಲ ನೆಟ್ಟಗಿದ್ದವು, ರೋಗಾಣುಗಳ ಪರೀಕ್ಷೆಗೆ ಮಾತ್ರ ಇನ್ನೂ ಧಾರವಾಡಕ್ಕೆ ಕಳಿಸಿರಲಿಲ್ಲ. ನೀರು ತಂದಿದ್ದ ಮಾಸ್ತರರು ಕಡೆಯ ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ಚಡಪಡಿಸುತ್ತಿದ್ದರು. ಚಾಚಾ ಎಂದಿನಂತೆ ಕೇಳಿದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವರು ಮೆಲ್ಲಗೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು, ಅದರ ಟೊಪ್ಪಿಗೆ ಹಾಕಿದರು, ನನ್ನ ಅಂಗಿಯ ಕಿಸೆಗೆ ಸಿಗಿಸಿದರು.

"ಧಾರವಾಡದ ಗಾಡಿಗೆ ಇನ್ನೂ ವ್ಯಾಳ್ಯಾ ಐತ್ರಿ," ಎಂದರು.